ಲಾಜಿಸ್ಟಿಕ್ ರಿಗ್ರೆಷನ್‌ನಲ್ಲಿ ರೇಖೀಯ ಟ್ರೆಂಡ್ ಪರೀಕ್ಷೆ: ಆರ್ ತಂತ್ರಾಂಶವನ್ನು ಬಳಸಿ ನೋಡಿದಾಗ

ಔಷಧದ ಡೋಸ್ ಏರಿದಂತೆ ಗುಣವಾಗುವವರ ಪ್ರಮಾಣವೂ ಏರುತ್ತದೆಯೇ ಎಂಬಂಥ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಉಚಿತವಾಗಿ ಸಿಗುವ, ಸಂಖ್ಯಾಶಾಸ್ತ್ರದ ಲೆಕ್ಕಗಳಿಗಾಗಿಯೇ ಇರುವ ಆರ್ ತಂತ್ರಾಂಶದಷ್ಟು ಅನುಕೂಲವಾದ ಸಾಧನವನ್ನು ನಾನು ಬೇರೆ ಕಂಡಿಲ್ಲ. ಆದರೆ ಈ ಒಂದು ಕೆಲಸದ ಮಟ್ಟಿಗೆ ಅದರ ಪೂರ್ವನಿಗದಿತ ನಡವಳಿಕೆಯಲ್ಲಿ ಒಂದು ತೊಡಕಿದೆ. ಅದನ್ನು ಅರಿಯದೆ ಬಳಸಿದರೆ, ಲೆಕ್ಕ ಸರಿಯಾಗಿದ್ದರೂ ವರದಿ ತಪ್ಪಾಗುತ್ತದೆ.

ಮೊದಲು ಮೆಚ್ಚುಗೆಯ ಮಾತು. ಗುಣವಾಯಿತೇ ಇಲ್ಲವೇ ಎಂಬಂಥ ಹೌದು-ಇಲ್ಲ ಫಲಿತಾಂಶವನ್ನು ಇತರ ಅಂಶಗಳೊಂದಿಗೆ ಜೋಡಿಸಿ ನೋಡುವ ವಿಧಾನವೇ ಲಾಜಿಸ್ಟಿಕ್ ರಿಗ್ರೆಷನ್; ಆರ್‌ನಲ್ಲಿ ಅದನ್ನು ಮಾಡುವುದು ಜಿಎಲ್‌ಎಂ (glm). ಗುಂಪುಗಳಿಗೆ 0, 1, 2, 3 ಎಂದು ಅಂಕ ಕೊಟ್ಟು, ಆ ಅಂಕಗಳನ್ನು ಸಂಖ್ಯೆಯಾಗಿಯೇ ಜಿಎಲ್‌ಎಂ ಎಂಬ ಫಂಕ್ಷನ್‌ಗೆ ಒಪ್ಪಿಸಿದರೆ ಒಂದೇ ಒಂದು ಗುಣಾಂಕ ಬರುತ್ತದೆ. ಒಂದು ಗುಂಪಿನಿಂದ ಮುಂದಿನದಕ್ಕೆ ಹೋದಾಗ ಆಡ್ಸ್‌ನ (ಘಟನೆ ಆಗುವ ಸಂಭವಕ್ಕೂ ಆಗದಿರುವ ಸಂಭವಕ್ಕೂ ಇರುವ ಅನುಪಾತದ) ಲಾಗರಿತಮ್ ಎಷ್ಟು ಬದಲಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಟ್ರೆಂಡ್ ಪರೀಕ್ಷೆ ಎಂದರೆ ಈ ಗುಣಾಂಕ ಸೊನ್ನೆಯೇ ಅಲ್ಲವೇ ಎಂದು ನೋಡುವುದು, ಅಷ್ಟೆ. ವಯಸ್ಸು, ಲಿಂಗ ಮೊದಲಾದ ಇತರ ಅಂಶಗಳನ್ನು ಅದೇ ಮಾದರಿಯಲ್ಲಿ ಸೇರಿಸಿಕೊಳ್ಳಬಹುದು ಎಂಬುದೇ ಈ ದಾರಿಯ ದೊಡ್ಡ ಲಾಭ. ಗುಂಪುಗಳ ಪ್ರಮಾಣಗಳಲ್ಲಿ ಟ್ರೆಂಡ್ ಇದೆಯೇ ಎಂದು ನೋಡುವ 1950ರ ದಶಕದ ಕಾಕ್ರನ್–ಆರ್ಮಿಟೇಜ್ ಪರೀಕ್ಷೆಯನ್ನು ನೆನಪಿಸುವ ಪ್ರಾಪ್ ಟ್ರೆಂಡ್ ಟೆಸ್ಟ್ ಎಂಬ ಫಂಕ್ಷನ್ ಕೂಡ ಆರ್‌ನಲ್ಲಿದೆ. ಸರಳ ಕೋಷ್ಟಕಕ್ಕೆ ಅದು ಸಾಕು, ಆದರೆ ಇತರ ಅಂಶಗಳನ್ನು ಅದು ಒಳಗೊಳ್ಳದು.

ಟ್ರೆಂಡ್ ಪರೀಕ್ಷೆಯ ಮಿತಿಯನ್ನು ಕೂಡ ಜಿಎಲ್‌ಎಂ ಫಂಕ್ಷನ್ನೇ ಎದುರಿಗಿಟ್ಟು ತೋರಿಸುತ್ತದೆ. ತಲಾ ನೂರು ಜನರ ನಾಲ್ಕು ಗುಂಪುಗಳಲ್ಲಿ ಕ್ರಮವಾಗಿ 10, 25, 25, 10 ಮಂದಿಗೆ ರೋಗ ಬಂದಿದೆ ಎಂದು ಇಟ್ಟುಕೊಳ್ಳೋಣ. ಇದು ನಾನೇ ಹೆಣೆದ ಉದಾಹರಣೆ. ಟ್ರೆಂಡ್ ಗುಣಾಂಕ ಸರಿಯಾಗಿ ಸೊನ್ನೆ, ಪಿ-ಮೌಲ್ಯ (ನಿಜಕ್ಕೂ ಟ್ರೆಂಡ್ ಇಲ್ಲದಿದ್ದರೂ ಇಷ್ಟಾದರೂ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 1. ಇಲ್ಲಿಗೇ ನಿಲ್ಲಿಸಿದವರು ಡೋಸ್‌ಗೂ ರೋಗಕ್ಕೂ ಸಂಬಂಧವಿಲ್ಲ ಎಂದು ಬರೆದುಬಿಡುತ್ತಾರೆ. ಆದರೆ ಗುಂಪುವಾರು ಎಣಿಕೆಯನ್ನು ಒಪ್ಪಿಸಿದ್ದರೆ, ಅದೇ ಫಲಿತಾಂಶದ ಕೆಳಭಾಗದಲ್ಲಿ ಉಳಿಕೆ ಡೀವಿಯನ್ಸ್ 16.01, ಡಿಗ್ರೀಸ್ ಆಫ್ ಫ್ರೀಡಂ (ಗುಂಪುಗಳ ಸಂಖ್ಯೆಯಿಂದ ಅಂದಾಜಿಸಿದ ಗುಣಾಂಕಗಳನ್ನು ಕಳೆದರೆ ಉಳಿಯುವುದು) 2 ಎಂಬ ಸಾಲು ಕಾಣಿಸುತ್ತದೆ. ಸರಳರೇಖೆಯಿಂದ ದತ್ತಾಂಶ ಎಷ್ಟು ದೂರ ಸರಿದಿದೆ ಎಂಬುದರ ಅಳತೆ ಈ ಡೀವಿಯನ್ಸ್. ಅದರ ಪಿ-ಮೌಲ್ಯ ಸುಮಾರು 0.0003. ಸಂಬಂಧವಿದೆ, ಆದರೆ ಅದು ಏರಿ ಇಳಿಯುವ ಸಂಬಂಧ. ಒಬ್ಬೊಬ್ಬರ ದತ್ತಾಂಶವನ್ನು ಒಂದೊಂದು ಸಾಲಾಗಿ ಕೊಟ್ಟಿದ್ದರೆ ಈ ಸೌಲಭ್ಯ ಸಿಗುವುದಿಲ್ಲ. ಆಗ ಅಂಕಗಳ ಮಾದರಿಯನ್ನು, ಪ್ರತಿ ಗುಂಪನ್ನೂ ಬೇರೆಯಾಗಿ ಅಂದಾಜಿಸುವ ಗುಂಪುಗಳ ಮಾದರಿಯೊಂದಿಗೆ, ಎರಡು ಮಾದರಿಗಳನ್ನು ಹೋಲಿಸುವ ಆನೋವಾ (anova) ಫಂಕ್ಷನ್ ಮೂಲಕ ಹೋಲಿಸಬೇಕು. ನನ್ನ ಮಟ್ಟಿಗೆ ಈ ಎರಡನೆಯ ಹೆಜ್ಜೆಯಿಲ್ಲದ ಟ್ರೆಂಡ್ ಪರೀಕ್ಷೆ ಅರ್ಧ ಕೆಲಸವೇ ಸರಿ.

ಈಗ ತೊಡಕಿನ ವಿಷಯ. ಗುಂಪುಗಳಿಗೆ ಕ್ರಮವಿದೆ ಎಂದು ತಿಳಿಸಲು ಆರ್ಡರ್ಡ್ ಫ್ಯಾಕ್ಟರ್ (ಗುಂಪುಗಳ ಹೆಸರನ್ನು ಕ್ರಮಸಹಿತ ಇಟ್ಟುಕೊಳ್ಳುವ ಆರ್‌ನ ದತ್ತಾಂಶ ರೂಪ) ಬಳಸುವುದು ಸಹಜ. ಹಾಗೆ ಮಾಡಿದಾಗ ಆರ್ ತಾನಾಗಿಯೇ ಬಹುಪದೀಯ ಕಾಂಟ್ರಾಸ್ಟ್‌ಗಳನ್ನು (ಗುಂಪುಗಳ ನಡುವಿನ ವ್ಯತ್ಯಾಸವನ್ನು ನೇರ ಏರಿಕೆ ಮತ್ತು ಬಾಗುವಿಕೆಗಳಾಗಿ ಬಿಡಿಸುವ ಅಂಕಗಳನ್ನು) ಆರಿಸಿಕೊಂಡು, ನಾಲ್ಕು ಗುಂಪುಗಳಿದ್ದರೆ ಎಲ್ (ರೇಖೀಯ), ಕ್ಯೂ (ವರ್ಗ), ಸಿ (ಘನ) ಎಂಬ ಮೂರು ಗುಣಾಂಕಗಳನ್ನು ಕೊಡುತ್ತದೆ. ಎಲ್ ಎಂದರೆ ರೇಖೀಯ ಎಂದು ಓದಿದವರು ಅದನ್ನೇ ಟ್ರೆಂಡ್ ಪರೀಕ್ಷೆ ಎಂದು ಬಗೆಯುತ್ತಾರೆ. ಆದರೆ ಆ ಗುಣಾಂಕ ಉಳಿದೆರಡು ಬಾಗುವಿಕೆಗಳ ಜೊತೆಗೂಡಿ ಅಂದಾಜಾಗಿರುತ್ತದೆ; ಒಂದೇ ಗುಣಾಂಕದ ಪರೀಕ್ಷೆಯ ಫಲಿತಾಂಶಕ್ಕೂ ಇದಕ್ಕೂ ಹೊಂದಿಕೆಯಾಗಬೇಕೆಂದಿಲ್ಲ. ಅಳತೆಗೋಲೂ ಬೇರೆ. ನಾಲ್ಕು ಗುಂಪುಗಳಿಗೆ ಎಲ್ ಬಳಸುವ ಅಂಕಗಳು −0.671, −0.224, 0.224, 0.671. ಹೀಗಾಗಿ ಪ್ರತಿ ಹಂತಕ್ಕೆ ಆಡ್ಸ್ ಅನುಪಾತ ಸರಿಯಾಗಿ 1.5 ಇದ್ದಾಗಲೂ ಲಾಗರಿತಮ್‌ನಿಂದ ಅನುಪಾತಕ್ಕೆ ಮರಳಲು ಎಲ್ ಗುಣಾಂಕವನ್ನು ಇ (e) ಎಂಬ ಸಂಖ್ಯೆಯ ಘಾತವಾಗಿಸಿದರೆ 2.48 ಬರುತ್ತದೆ. ಅದನ್ನು 'ಪ್ರತಿ ಹಂತಕ್ಕೆ' ಎಂದು ಕೋಷ್ಟಕದಲ್ಲಿ ಬರೆದರೆ ಪರಿಣಾಮವನ್ನು ವಿಪರೀತ ಹಿಗ್ಗಿಸಿದಂತಾಗುತ್ತದೆ, ಓದುವವರಿಗೆ ಅದನ್ನು ಪತ್ತೆಹಚ್ಚುವ ದಾರಿಯೂ ಇರುವುದಿಲ್ಲ. ಇಷ್ಟು ದೊಡ್ಡ ವಿಷಯಕ್ಕೆ ಫಲಿತಾಂಶದಲ್ಲಿ ಒಂದು ಸಾಲಿನ ಎಚ್ಚರಿಕೆಯಾದರೂ ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಂಕಗಳ ನಡುವಿನ ಅಂತರದ ಬಗ್ಗೆಯೂ ಅಷ್ಟೇ ಜಾಗ್ರತೆ ಬೇಕು. ಡೋಸ್‌ಗಳು 0, 5, 15, 30 ಮಿಲಿಗ್ರಾಂ ಆಗಿದ್ದು, ಅವು ಫ್ಯಾಕ್ಟರ್ ರೂಪದಲ್ಲಿದ್ದಾಗ ಆಸ್ ನ್ಯೂಮರಿಕ್ (as.numeric) ಎಂಬ ಫಂಕ್ಷನ್‌ನಿಂದ ನೇರವಾಗಿ ಪರಿವರ್ತಿಸಿದರೆ ಕೈಗೆ ಸಿಗುವುದು 1, 2, 3, 4 ಎಂಬ ಕ್ರಮಾಂಕಗಳು ಮಾತ್ರ. ಮೊದಲು ಅಕ್ಷರರೂಪಕ್ಕೆ ತಂದು ಆಮೇಲೆ ಸಂಖ್ಯೆಯಾಗಿಸಬೇಕು. ಕೈಪಿಡಿಯಲ್ಲಿ ಈ ಸೂಚನೆ ಇದೆ, ಆದರೆ ಪರದೆಯ ಮೇಲೆ ಯಾವ ದೋಷಸಂದೇಶವೂ ಬರುವುದಿಲ್ಲ.

ಕೊನೆಯದಾಗಿ ಪಿ-ಮೌಲ್ಯದ ಆಯ್ಕೆ. ಮಾದರಿಯ ಫಲಿತಾಂಶವನ್ನು ಮುದ್ರಿಸುವ ಸಮ್ಮರಿ (summary) ಫಂಕ್ಷನ್ ತೋರಿಸುವುದು ವಾಲ್ಡ್ ಪರೀಕ್ಷೆಯ, ಅಂದರೆ ಗುಣಾಂಕವನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ ನೋಡುವ ಪರೀಕ್ಷೆಯ, ಮೌಲ್ಯ. ಪರಿಣಾಮ ತುಂಬಾ ದೊಡ್ಡದಾದಾಗ ಈ ಪರೀಕ್ಷೆಯ ಶಕ್ತಿ (ಇರುವ ಪರಿಣಾಮವನ್ನು ಪತ್ತೆಹಚ್ಚುವ ಸಾಮರ್ಥ್ಯ) ಕುಗ್ಗಬಲ್ಲದು ಎಂದು ಸಂಖ್ಯಾಶಾಸ್ತ್ರಜ್ಞರಾದ ಹಾಕ್ ಮತ್ತು ಡಾನರ್ 1977ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಸಣ್ಣ ಗುಂಪುಗಳಿರುವಾಗ, ಅಥವಾ ಒಂದು ಗುಂಪಿನಲ್ಲಿ ಘಟನೆಗಳೇ ಇಲ್ಲವೆನ್ನುವಷ್ಟು ಕಡಿಮೆ ಇರುವಾಗ, ಅಂಕ ಇರುವ ಮಾದರಿಯನ್ನೂ ಇಲ್ಲದ ಮಾದರಿಯನ್ನೂ ಆನೋವಾದಲ್ಲಿ ಹೋಲಿಸಿ, ದತ್ತಾಂಶಕ್ಕೆ ಎರಡರಲ್ಲಿ ಯಾವುದು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ತೂಗುವ ಲೈಕ್ಲಿಹುಡ್ ಅನುಪಾತದ ಪರೀಕ್ಷೆಯ ಮೌಲ್ಯವನ್ನೇ ನಾನು ವರದಿಗೆ ತೆಗೆದುಕೊಳ್ಳುತ್ತೇನೆ.