“ಲಸಿಕೆ ಆಗಿದೆ ಅಕ್ಕ” ಎಂದರೆ ನಂಬಬೇಡಿ. ಹೊಸ ಕೋಳಿಮರಿಗಳನ್ನು ಅದೇ ದಿನ ಗೂಡಿಗೆ ಬಿಡಬೇಡಿ

ಬೇಲೂರು, ಹಳೇಬೀಡು, ಚಿಕ್ಕಮಗಳೂರು ಕಡೆ ಮನೆಯಲ್ಲಿ ನಾಟಿ ಕೋಳಿ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವ್ಯಾನಿನಲ್ಲಿ ಮರಿ ತುಂಬಿಕೊಂಡು ಮನೆ ಬಾಗಿಲಿಗೆ ಬರುತ್ತಾರಲ್ಲ, ಅವರ ಹತ್ತಿರ ತೆಗೆದುಕೊಳ್ಳುವ ಮುಂಚೆ ಓದಿ.

ನಮ್ಮ ಮನೆಯಲ್ಲಿ 15 ಕೋಳಿ ಇದ್ದವು. 14 ಹ್ಯಾಟೆ, ಒಂದು ಹುಂಜ. ನಮ್ಮತ್ತೆ ಈ ಮನೆಗೆ ಸೊಸೆಯಾಗಿ ಬಂದಾಗ ತವರಿನಿಂದ ತಂದ ಕೋಳಿಯ ಸಂತಾನ ಅದು. ಮನೆಯಲ್ಲೇ ಕಾವಿಗೆ ಕೂರಿಸಿ ಮರಿ ಮಾಡಿಸಿದ್ದು. ಈಗ 3 ಉಳಿದಿವೆ. 15ರಲ್ಲಿ 3. ಬರೆಯುವಾಗಲೂ ಕೈ ನಡುಗುತ್ತೆ.

ಹೋದ ತಿಂಗಳು ಒಂದು ಭಾನುವಾರ ಸಂಜೆ ವ್ಯಾನ್ ಬಂತು. “ಅಕ್ಕ, ಗಿರಿರಾಜ ಹ್ಯಾಟೆ, ಸರ್ಕಾರಿ ತಳಿ. ಮೂರು ತಿಂಗಳು ತುಂಬಿದೆ” ಎಂದ. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮಾಡಿದ ತಳಿ ಎಂದು ಕೋಳಿ ಸಾಕುವವರಿಗೆಲ್ಲ ಗೊತ್ತು. ಆ ಹೆಸರು ಕೇಳಿದರೇ ಅರ್ಧ ನಂಬಿಕೆ ಬಂದುಬಿಡುತ್ತೆ. 350 ಹೇಳಿದ, ನಾನು ಚೌಕಾಸಿ ಮಾಡಿ 320ಕ್ಕೆ ಇಳಿಸಿದೆ. 20 ಮರಿಗೆ 6,400 ರೂಪಾಯಿ ಕೈಗೇ ಕೊಟ್ಟೆ. ಚೀಟಿ ಇಲ್ಲ, ಏನೂ ಇಲ್ಲ.

“ಲಸಿಕೆ ಆಗಿದೆಯಾ ಅಣ್ಣ?” ಎಂದು ಕೇಳಿದೆ. ಕೇಳದೆ ತೆಗೆದುಕೊಳ್ಳಲಿಲ್ಲ, ಕೇಳಿದೆ. ಅವನು ಸ್ಟೀರಿಂಗ್ ಮುಂದೆ ಕೈ ಹಾಕಿ, ಗಾಜಿನ ಹತ್ತಿರ ಇಟ್ಟಿದ್ದ ಒಂದು ಪುಟ್ಟ ಸೀಸೆ ತೆಗೆದು ನನ್ನ ಕೈಗಿಟ್ಟ. ಮೇಲೆ ಲಸೋಟಾ ಎಂದಿತ್ತು, ಕೊಕ್ಕರೆ ರೋಗದ ಲಸಿಕೆಯ ಹೆಸರು ಅದು. ತಳದಲ್ಲಿ ಒಂದಿಷ್ಟು ನೀರಿತ್ತು. “ನೋಡಿ, ಬೆಳಗ್ಗೆ ತಾನೇ ಎಲ್ಲದಕ್ಕೂ ಕಣ್ಣಿಗೆ ಒಂದೊಂದು ಹನಿ ಹಾಕಿದೀನಿ. ಇವತ್ತೇ ನಿಮ್ಮ ಕೋಳಿ ಜೊತೆ ಬಿಡಿ. ಬೇರೆ ಇಟ್ಟರೆ ಆಮೇಲೆ ಸೇರಲ್ಲ” ಎಂದ. ಸೀಸೆ ಬೆಚ್ಚಗಿತ್ತು. ಆ ಬಿಸಿ ನನ್ನ ಅಂಗೈಗೆ ತಾಗಿದ್ದು ಇವತ್ತಿಗೂ ನೆನಪಿದೆ. ಆಗ ಏನೂ ಅನ್ನಿಸಲಿಲ್ಲ.

ನಮ್ಮತ್ತೆ ಒಳಗಿಂದಲೇ ಕೂಗಿದರು. “ಹೊಸ ಕೋಳಿ ಅಲ್ವೇನೇ, ಸ್ವಲ್ಪ ದಿನ ಕೊಟ್ಟಿಗೆಯಲ್ಲಿ ಬೇರೆ ಇರಲಿ.” ನಾನು ಕೇಳಲಿಲ್ಲ. ಲಸಿಕೆ ಆಗಿದೆ ಅತ್ತೆ ಎಂದೆ. ಕತ್ತಲಾದ ಮೇಲೆ ಗೂಡಿಗೆ ಬಿಟ್ಟೆ.

ಮಾರನೇ ದಿನ ಹಳೇ ಹ್ಯಾಟೆಗಳು ಮರಿಗಳನ್ನು ಅಟ್ಟಾಡಿಸಿ ಕುಕ್ಕಿದವು. ಅದು ಎಲ್ಲ ಕಡೆ ಇದ್ದದ್ದೇ. ಯಾರು ಮೇಲು ಯಾರು ಕೆಳಗೆ ಎಂದು ಅವೇ ತೀರ್ಮಾನ ಮಾಡಿಕೊಳ್ಳುತ್ತವೆ. ಹಾಗಾಗಿ ನಾಲ್ಕನೇ ದಿನ ಎರಡು ಮರಿ ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದಾಗಲೂ ಕುಕ್ಕಿಸಿಕೊಂಡು ಮಂಕಾಗಿವೆ ಎಂದುಕೊಂಡೆ. ವ್ಯಾನಿನವನಿಗೆ ಫೋನ್ ಮಾಡಿದೆ. “ಹವಾ ಬದಲಾವಣೆ ಅಕ್ಕ. ಬೆಲ್ಲದ ನೀರು ಕೊಡಿ, ಸರಿಹೋಗುತ್ತೆ.” ಬೆಲ್ಲದ ನೀರು ಕೊಟ್ಟೆ.

ಒಂದು ವಾರ ಆಗುವಷ್ಟರಲ್ಲಿ ನಮ್ಮ ಕೋಳಿಗಳಿಗೇ ಶುರುವಾಯಿತು. ಹಸಿರು ಭೇದಿ, ಬಾಯಿ ತೆರೆದು ಗೊರಗೊರ ಉಸಿರು. ಕರಿ ಹ್ಯಾಟೆ ಒಂದಿತ್ತು, ದಿನಾ ಅಡುಗೆಮನೆ ಹೊಸ್ತಿಲಿಗೆ ಬಂದು ಅನ್ನ ಕೇಳುತ್ತಿದ್ದದ್ದು. ಅದು ಕತ್ತು ತಿರುಚಿಕೊಂಡು, ಕೊಕ್ಕು ಆಕಾಶಕ್ಕೆ ಮಾಡಿ, ಸುಮ್ನೆ ಸುತ್ತುತ್ತಿತ್ತು. ಮುಂದಿಟ್ಟ ಕಾಳು ಕುಕ್ಕಲು ಹೋದರೆ ಪಕ್ಕದ ನೆಲ ಕುಕ್ಕುತ್ತಿತ್ತು. ಮಧ್ಯಾಹ್ನಕ್ಕೆ ಸತ್ತುಹೋಯಿತು.

ಅದನ್ನೇ ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರ್ ಕುಯ್ದು ಹೊಟ್ಟೆ ಬಿಡಿಸಿ ತೋರಿಸಿದರು. ಒಳಗೋಡೆಯಲ್ಲಿ ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳು. “ಕೊಕ್ಕರೆ ರೋಗ ಕಣಮ್ಮ, ರಾಣಿಖೇತ್. ಬಂದ ಮೇಲೆ ಔಷಧಿ ಇಲ್ಲ” ಎಂದರು. ಹೊಸ ಮರಿ ತಂದಿರಾ ಎಂದು ಕೇಳಿದರು. ಲಸಿಕೆ ಆಗಿತ್ತು ಸಾರ್, ಸೀಸೆ ನೋಡಿದೆ ಎಂದೆ. “ಸೀಸೆ ಎಲ್ಲಿಟ್ಟಿದ್ದ?” “ಗಾಡಿ ಮುಂದೆ, ಗಾಜಿನ ಹತ್ತಿರ.” ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದು ಐಸ್‌ನಲ್ಲಿ ಇರಬೇಕಾದ ವಸ್ತು. ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಬಿಸಿಲಲ್ಲಿಟ್ಟ ಸೀಸೆಯಲ್ಲಿ ಇದ್ದದ್ದು ಬರೀ ನೀರಿಗೆ ಸಮ. ಮೊದಲ ವಾರದಲ್ಲಿ ಕಣ್ಣಿಗೆ ಹನಿ, ನಾಲ್ಕನೇ ವಾರಕ್ಕೆ ಇನ್ನೊಂದು ಸಲ, ಎಂಟು ವಾರ ದಾಟಿದ ಮೇಲೆ ಅದೇ ರೋಗಕ್ಕೆ ಆರ್‌2ಬಿ ಎಂಬ ಲಸಿಕೆಯ ಇಂಜೆಕ್ಷನ್. ಮೂರು ತಿಂಗಳ ಮರಿ ಎಂದರೆ ಇದೆಲ್ಲ ಆಗಿರಬೇಕಿತ್ತು. ಇನ್ನೊಂದು ಮಾತೂ ಹೇಳಿದರು. ಲಸಿಕೆ ಸರಿಯಾಗಿ ಆದ ಕೋಳಿ ಕೂಡ ತಾನು ಚೆನ್ನಾಗಿದ್ದುಕೊಂಡೇ ಬೇರೆಯವಕ್ಕೆ ರೋಗ ಹಂಚಬಹುದು.

ಆ ಬೆಚ್ಚಗಿನ ಸೀಸೆ ನನ್ನ ಕೈಯಲ್ಲೇ ಇತ್ತು! ಅಷ್ಟು ಧೈರ್ಯವಾಗಿ ಕೈಗಿಟ್ಟಿದ್ದ. ಆಸ್ಪತ್ರೆ ಬಾಗಿಲಲ್ಲಿ ನಿಂತು ಮತ್ತೆ ಫೋನ್ ಮಾಡಿದೆ. ಈ ಸಲ ಅಕ್ಕ ಹೋಗಿ ಮೇಡಂ ಆಗಿದ್ದೆ. “ಮೇಡಂ, ನಿಮ್ಮ ಹಳೇ ಕೋಳಿಗೇ ರೋಗ ಇತ್ತು. ನನ್ನ ಮರಿಗೆ ನಿಮ್ಮಿಂದ ಬಂದಿದ್ದು.” ಮೊದಲು ಮಂಕಾಗಿದ್ದು ನಿನ್ನ ಮರಿ ಅಲ್ವಾ ಎಂದೆ. “ಕೋಳಿ ಅಂದ್ಮೇಲೆ ಸಾಯಲ್ವಾ ಮೇಡಂ? ಬೇಕಾದ್ರೆ ಐದು ಮರಿ ಫ್ರೀ ಕೊಡ್ತೀನಿ.” ಅದೇ ವ್ಯಾನಿನಿಂದ ಇನ್ನೂ ಐದು! ಬೇಡ, ದುಡ್ಡು ವಾಪಸ್ ಕೊಡು ಎಂದೆ. ಇಟ್ಟುಬಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ನಮ್ಮ ಹಳೇ ಕೋಳಿಗಳಿಗೂ ಲಸಿಕೆ ಹಾಕಿಸಿರಲಿಲ್ಲ, ಅದು ನನ್ನ ತಪ್ಪು. ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ತಪ್ಪಿಗೆ ಪಕ್ಕದ ಮನೆಯವರದೂ ನಾಲ್ಕು ಕೋಳಿ ಹೋದವು. ಆ ಅಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಸತ್ತವನ್ನೆಲ್ಲ ತೋಟದ ಮೂಲೆಯಲ್ಲಿ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದೆವು. ಹಳ್ಳಕ್ಕೆ ಎಸೆಯಬೇಡಿ, ರೋಗ ಊರಿಗೆಲ್ಲ ಹೋಗುತ್ತೆ. ಅತ್ತೆ ಗುಂಡಿ ಹತ್ತಿರ ಬರಲೇ ಇಲ್ಲ.

ಹೊಸ ಮರಿ ತಂದರೆ ಒಂದು ತಿಂಗಳು ದೂರ ಇಡಿ. ಗೂಡಿನ ಪಕ್ಕ ಅಲ್ಲ, ದೂರ. ಮೊದಲು ಹಳೇ ಕೋಳಿಗೆ ಮೇವು ನೀರು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ. ಅಲ್ಲಿಗೆ ಬೇರೆ ಚಪ್ಪಲಿ ಇಟ್ಟುಕೊಳ್ಳಿ. ತಿಂಗಳು ಕಳೆದ ಮೇಲೆ ಒಂದು ವಾರ ನಡುವೆ ಜಾಲರಿ ಕಟ್ಟಿ ಒಂದನ್ನೊಂದು ನೋಡಲು ಬಿಡಿ. ಆಮೇಲೆ ಸೇರಿಸಿ. ಮೇವು ನೀರು ಎರಡು ಮೂರು ಕಡೆ ಇಡಿ, ಇಲ್ಲದಿದ್ದರೆ ಮರಿಗಳಿಗೆ ತಿನ್ನಲು ಬಿಡುವುದಿಲ್ಲ. ಮೊಟ್ಟೆ ಕೋಳಿಯ ಫೀಡ್ ಮರಿಗೆ ಬೇಡ, ಅದರಲ್ಲಿ ಸುಣ್ಣದಂಶ ಜಾಸ್ತಿ, ಮೂತ್ರಪಿಂಡ ಹಾಳಾಗುತ್ತೆ. ಬೇರೆ ಇಟ್ಟರೆ ಆಮೇಲೆ ಸೇರಲ್ಲ ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ಮರಿ ತೆಗೆದುಕೊಳ್ಳಲೇಬೇಡಿ.

ತಂದ 20ರಲ್ಲಿ 8 ಬದುಕಿವೆ. ಅವನ್ನು ಯಾರಿಗೂ ಕೊಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಸದ್ಯಕ್ಕೆ ಹೊಸ ಕೋಳಿ ತರಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ.

ಮೊನ್ನೆ ಅವನ ನಂಬರಿನಿಂದ ಒಂದು ಮೆಸೇಜ್ ಬಂತು. ಎಲ್ಲರಿಗೂ ಒಟ್ಟಿಗೆ ಕಳಿಸಿದ್ದಿರಬೇಕು. “ಗಿರಿರಾಜ ಹೊಸ ಲಾಟ್ ಬಂದಿದೆ, ಲಸಿಕೆ ಆಗಿದೆ, ಭಾನುವಾರ ನಿಮ್ಮ ಕಡೆ ಬರ್ತೀವಿ.” ಈ ಭಾನುವಾರ.