ಗ್ಯಾಡೊಲಿನಿಯಮ್ಮೋ ಸೀರಿಯಮ್ಮೋ? ನನ್ನ ಓಟು ಗ್ಯಾಡೊಲಿನಿಯಂಗೆ

ತೆಳುವಾಗಿ ಬಿಡಿಸೋಕೆ ಬರಬೇಕು, ಅಯಸ್ಕಾಂತೀಯವಾಗಿರಬೇಕು, ಕರೆಂಟೂ ಸರಾಗವಾಗಿ ಹರಿಯಬೇಕು. ಇಂಥ ಹರಳು ಸಿಗೋದು ಕಷ್ಟ. 2017ರಲ್ಲಿ ಹೆಸರು ಮಾಡಿದ ಕ್ರೋಮಿಯಂ ಟ್ರೈಅಯೊಡೈಡ್ ಒಂದೇ ಪದರಕ್ಕಿಳಿದರೂ 45 ಕೆಲ್ವಿನ್‌ವರೆಗೆ ಅಯಸ್ಕಾಂತವೇ, ಆದರೆ ಇನ್ಸುಲೇಟರ್. ಹಾಗಾಗಿ ರೇರ್ ಅರ್ತ್ ಟ್ರೈಟೆಲ್ಯುರೈಡ್‌ಗಳಿಗೆ (ಒಂದು ರೇರ್ ಅರ್ತ್ ಪರಮಾಣುವಿಗೆ ಮೂರು ಟೆಲ್ಯುರಿಯಂ ಇರುವ ಸಂಯುಕ್ತಗಳಿಗೆ) ಬಂದೆ. ಅವುಗಳಲ್ಲಿ ಗ್ಯಾಡೊಲಿನಿಯಂನದು, ಸೀರಿಯಂನದು ಎರಡನ್ನೂ ಅಳೆದು ನೋಡಿದ್ದೇನೆ. ಗ್ಯಾಡೊಲಿನಿಯಂ ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಎರಡರ ಒಳರಚನೆಯೂ ಒಂದೇ ಥರ. ಕರೆಂಟ್ ಹರಿಯೋದು ಟೆಲ್ಯುರಿಯಂ ಹಾಳೆಗಳಲ್ಲಿ, ಅಯಸ್ಕಾಂತತ್ವ ಕೂತಿರೋದು ಪಕ್ಕದ ಪದರದ ರೇರ್ ಅರ್ತ್ ಪರಮಾಣುಗಳ ಒಳಕಕ್ಷೆಯ, ಅಂದರೆ 4ಎಫ್ ಎಲೆಕ್ಟ್ರಾನ್‌ಗಳಲ್ಲಿ. ಜೋಡಿ ಟೆಲ್ಯುರಿಯಂ ಹಾಳೆಗಳ ನಡುವೆ ಹಿಡಿತ ಸಡಿಲ, ಟೇಪ್ ಅಂಟಿಸಿ ಎಳೆದರೆ ಅಲ್ಲೇ ಬಿಡುತ್ತದೆ.

ಹರಳು ಬೆಳೆಸೋದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕರಗಿದ ಟೆಲ್ಯುರಿಯಂನಲ್ಲಿ ನಿಧಾನವಾಗಿ ತಣಿಸಿ, ಉಳಿದದ್ದನ್ನು ಸೆಂಟ್ರಿಫ್ಯೂಜ್‌ನಲ್ಲಿ ಬೇರೆ ಮಾಡಿದರಾಯಿತು. ಸೀರಿಯಂ ಲೋಹ ಮಾತ್ರ ಗಾಳಿಗೆ ಬೇಗ ಕಪ್ಪಾಗುತ್ತದೆ.

ನನ್ನ ತಲೆ ತಿಂದದ್ದು ತಾಪಮಾನ. ಎರಡೂ ಆಂಟಿಫೆರೋಮ್ಯಾಗ್ನೆಟ್‌ಗಳೇ, ಅಂದರೆ ತಣ್ಣಗಾದಾಗ ಒಳಗಿನ ಸ್ಪಿನ್‌ಗಳು (ಎಲೆಕ್ಟ್ರಾನ್‌ಗಳ ಪುಟ್ಟ ಅಯಸ್ಕಾಂತಗಳು) ಎದುರುಬದುರಾಗಿ ಸಾಲುಗಟ್ಟುತ್ತವೆ. ಗ್ಯಾಡೊಲಿನಿಯಂನದು ಸುಮಾರು 12 ಕೆಲ್ವಿನ್‌ನಲ್ಲಿ ಕ್ರಮಕ್ಕೆ ಬರುತ್ತದೆ, ಸೀರಿಯಂನದು 3.1ರಲ್ಲಿ, ಮತ್ತೊಮ್ಮೆ 1.3ರಲ್ಲಿ. ನಮ್ಮ ಲ್ಯಾಬಿನ ಕ್ರಯೋಸ್ಟಾಟ್ (ಹರಳು ತಣಿಸುವ ಯಂತ್ರ) ದ್ರವ ಹೀಲಿಯಂ ಸುರಿಯದೆ, ಕಂಪ್ರೆಸರ್ ಮೇಲೆ ಓಡುವಂಥದ್ದು. 4 ಕೆಲ್ವಿನ್ ಹತ್ತಿರ ಬಂದು ನಿಂತುಬಿಡುತ್ತದೆ. ಗ್ಯಾಡೊಲಿನಿಯಂ ಹಾಕಿದರೆ 12ರ ಬಳಿ ರೆಸಿಸ್ಟೆನ್ಸ್ ಗೆರೆ ಮುರಿದು ಕೆಳಗಿಳಿಯೋದು ಕಾಣುತ್ತದೆ. ಸ್ಪಿನ್‌ಗಳು ಶಿಸ್ತಿಗೆ ಬಂದಮೇಲೆ ಎಲೆಕ್ಟ್ರಾನ್‌ಗಳು ಚದುರೋದು ಕಡಿಮೆ, ಅಲ್ವಾ? ಸೀರಿಯಂನಲ್ಲಿ ಆ ಜಾಗಕ್ಕೆ ಮುಟ್ಟೋದೇ ಇಲ್ಲ.

ಹಾಗಾದರೆ 1.8 ಕೆಲ್ವಿನ್‌ಗೆ ಹೋಗುವ ಯಂತ್ರ ಬೇಕು. ಅದು ಇಡೀ ಸಂಸ್ಥೆಗೆ ಸೇರಿದ್ದು, ಸರದಿ ಕಾಯಬೇಕು. ಗಂಟೆ ಲೆಕ್ಕದಲ್ಲಿ ದುಡ್ಡು ಬೇರೆ. ಅಷ್ಟರಲ್ಲಿ ಬಿಡಿಸಿದ ತೆಳು ಚೂರಿಗೆ, ಅಂದರೆ ಫ್ಲೇಕ್‌ಗೆ, ವಯಸ್ಸಾಗಿರುತ್ತದೆ. ಟೆಲ್ಯುರಿಯಂ ಹಾಳೆ ಗಾಳಿಗೆ ಆಕ್ಸೈಡ್ ಆಗುತ್ತದೆ. ಬಿಡಿಸಿದಾಗ ಇದ್ದ ಹೊಂಬಣ್ಣದ ಹೊಳಪು ಮಂಕಾಗುತ್ತದೆ, ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಏರುತ್ತದೆ. ಬೋರಾನ್ ನೈಟ್ರೈಡ್ ಹೊದಿಸಿದರೂ ಅಂಚು ಎಲ್ಲೋ ಒಂದು ಕಡೆ ಬಾಯಿಬಿಡುತ್ತದೆ. ಸರದಿ ಬಂದಾಗ ನಾಲ್ಕು ಕಾಂಟ್ಯಾಕ್ಟ್‌ಗಳಲ್ಲಿ ಒಂದು ಸತ್ತಿರುತ್ತದೆ. ಮತ್ತೆ ಟೇಪ್, ಮತ್ತೆ ಗ್ಲೋವ್‌ಬಾಕ್ಸ್ (ಹೊರಗಿನ ಗಾಳಿ ತಾಗದ ಪೆಟ್ಟಿಗೆ), ಮತ್ತೆ ಸರದಿ. ಗ್ಯಾಡೊಲಿನಿಯಂಗೂ ಗಾಳಿ ಶತ್ರುವೇ. ಆದರೆ ಬೆಳಿಗ್ಗೆ ಬಿಡಿಸಿ, ಮೊದಲೇ ಮಾಡಿಟ್ಟ ಚಿನ್ನದ ಎಲೆಕ್ಟ್ರೋಡ್ ಮೇಲೆ ಕೂರಿಸಿ, ಸಂಜೆಯೊಳಗೆ ತಣ್ಣಗೆ ಮಾಡಬಹುದು. ನನಗೆ ಇಷ್ಟೇ ಸಾಕಾಗಿತ್ತು.

ಮೊಬಿಲಿಟಿಯ (ಎಲೆಕ್ಟ್ರಾನ್‌ಗಳು ಎಷ್ಟು ಸರಾಗವಾಗಿ ಓಡುತ್ತವೆ ಅನ್ನುವ ಅಳತೆಯ) ಖುಷಿ ಮೇಲಿನ ಲಾಭ. ಪ್ರಿನ್ಸ್‌ಟನ್‌ನವರು 2020ರಲ್ಲಿ ವರದಿ ಮಾಡಿದ ಪ್ರಕಾರ ದಪ್ಪ ಗ್ಯಾಡೊಲಿನಿಯಂ ಟ್ರೈಟೆಲ್ಯುರೈಡ್ ಹರಳಿನಲ್ಲಿ ಅದು 60,000 ಚದರ ಸೆಂಟಿಮೀಟರ್ ಪ್ರತಿ ವೋಲ್ಟ್-ಸೆಕೆಂಡ್ ದಾಟುತ್ತದೆ. ಪದರದ ಅಯಸ್ಕಾಂತಗಳಲ್ಲಿ ಆಗ ಅದೇ ದಾಖಲೆ. ಫ್ಲೇಕ್ ತೆಳುವಾದಷ್ಟೂ ಕಡಿಮೆಯಾಗುತ್ತದೆ, ದಪ್ಪ ಹರಳಿನ ಅಂಕಿ ನಂಬಿ ಕೂರಬೇಡಿ.

ಒಂದು ಎಚ್ಚರಿಕೆ: ಎಲೆಕ್ಟ್ರೋಡ್ ವಿನ್ಯಾಸ ಮೂಡಿಸಲು ರೆಸಿಸ್ಟ್ ಎಂಬ ಪಾಲಿಮರ್ ಹಚ್ಚಿ 180 ಡಿಗ್ರಿ ಸೆಲ್ಸಿಯಸ್‌ಗೆ (ಸುಮಾರು 453 ಕೆಲ್ವಿನ್) ಬೇಯಿಸುವ ಅಭ್ಯಾಸವಿದ್ದರೆ ಬಿಡಿ. ಗ್ಯಾಡೊಲಿನಿಯಂನದರಲ್ಲಿ ಸುಮಾರು 380 ಕೆಲ್ವಿನ್‌ನಲ್ಲೇ ಚಾರ್ಜ್ ಡೆನ್ಸಿಟಿ ವೇವ್ (ಹರಳಿನೊಳಗೆ ಎಲೆಕ್ಟ್ರಾನ್‌ಗಳು ಅಲೆಯಂತೆ ದಟ್ಟ-ವಿರಳವಾಗಿ ನಿಲ್ಲುವ ಕ್ರಮ) ಕರಗಿಹೋಗುತ್ತದೆ. ಆ ಬಿಸಿಗೆ ಆಕ್ಸೈಡೂ ಜಾಸ್ತಿ.

ಸೀರಿಯಂ ಕೆಟ್ಟದ್ದು ಅಂತಲ್ಲ. ಗ್ಯಾಡೊಲಿನಿಯಂನ ಏಳು 4ಎಫ್ ಎಲೆಕ್ಟ್ರಾನ್‌ಗಳು ಅರ್ಧ ತುಂಬಿದ ಕಕ್ಷೆಯ ಸೀದಾಸಾದಾ ಸ್ಪಿನ್. ಸೀರಿಯಂನದು ಒಂಟಿ ಎಲೆಕ್ಟ್ರಾನ್, ಭೌತಶಾಸ್ತ್ರ ಅದರಲ್ಲೇ ಜಾಸ್ತಿ ತಿರುವುಳ್ಳದ್ದು. ಡೈಲ್ಯೂಷನ್ ಫ್ರಿಜ್ (1 ಕೆಲ್ವಿನ್‌ಗಿಂತಲೂ ಕೆಳಕ್ಕೆ ತಣಿಸುವ ಯಂತ್ರ) ಪಕ್ಕದ ಕೋಣೆಯಲ್ಲೇ ಇರುವವರು ಅದನ್ನೇ ತೆಗೆದುಕೊಳ್ಳಲಿ.