ಶಿಕಾಗೋ ಸಬರ್ಬ್‌ನಲ್ಲಿ ಗನ್ ಲೈಸೆನ್ಸ್ ಕ್ಲಾಸ್: 16 ಗಂಟೆ ಕೂತು ಬಂದ ಮೇಲೆ ನನ್ನ ರಿವ್ಯೂ

ಇಲಿನಾಯ್‌ನಲ್ಲಿ ಪಿಸ್ತೂಲು ಸೊಂಟಕ್ಕೆ ಸಿಗಿಸ್ಕೊಂಡು ಓಡಾಡ್ಬೇಕು ಅಂದ್ರೆ ಸಿಸಿಎಲ್ (ಕನ್ಸೀಲ್ಡ್ ಕ್ಯಾರಿ, ಅಂದ್ರೆ ಯಾರಿಗೂ ಕಾಣದ ಹಾಗೆ ಒಯ್ಯೋ) ಲೈಸೆನ್ಸ್ ಬೇಕು, ಅದಕ್ಕೆ 16 ಗಂಟೆ ಕ್ಲಾಸ್ ಕಡ್ಡಾಯ. ಶಿಕಾಗೋದ ಪಶ್ಚಿಮಕ್ಕಿರೋ ಒಂದು ಸಬರ್ಬ್‌ನ ಶೂಟಿಂಗ್ ರೇಂಜ್‌ನಲ್ಲಿ ನಾನು, ನನ್ನ ಹೆಂಡ್ತಿ ಇಬ್ರೂ ಒಂದು ವೀಕೆಂಡ್ ಪೂರ್ತಿ ಕೂತು ಮುಗಿಸಿದ್ವಿ. ಇಲ್ಲಿನ ಕನ್ನಡದೋರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕಾರ್‌ಜ್ಯಾಕಿಂಗ್ (ಹೆದರಿಸಿ ಕಾರು ಕಿತ್ಕೊಂಡು ಹೋಗೋದು) ಸುದ್ದಿ ಬಂದಾಗೆಲ್ಲ "ಯಾವ ಗನ್ ತಗೊಂಡ್ರೆ ಒಳ್ಳೇದು" ಅಂತ ಕೇಳೋರು ಇದ್ದೇ ಇರ್ತಾರೆ, ಅವ್ರಿಗೋಸ್ಕರ ಇದನ್ನ ಬರೀತಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ಕ್ಲಾಸ್ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬರೀ ಮನೇಲಿ ಇಟ್ಕೊಳ್ಳೋಕೆ ಈ ಕ್ಲಾಸ್ ಬೇಕು ಅಂತ ಕಾನೂನು ಹೇಳಲ್ಲ, ಫಾಯ್ಡ್ ಕಾರ್ಡ್ (ಗನ್ ಇಟ್ಕೊಳ್ಳೋಕೆ ರಾಜ್ಯ ಕೊಡೋ ಕಾರ್ಡು) ಇದ್ರೆ ಸಾಕು, ಆದ್ರೂ ನೀವು ಗನ್ ತಗೊಳ್ಳೋಕೆ ಮೊದ್ಲೇ ಹೋಗಿ, ಅಂಗಡಿ ಕೌಂಟರಿಗೆ ಹೋಗೋದೇನಿದ್ರೂ ಆಮೇಲೆ.

ಎಚ್1ಬಿ ಕೆಲಸದ ವೀಸಾದಲ್ಲಿರೋರು ಇದೊಂದು ಪ್ಯಾರಾ ಗಮನ ಇಟ್ಟು ಓದಿ. ಫೆಡರಲ್ ಕಾನೂನಿನ ಪ್ರಕಾರ ಇಮಿಗ್ರಂಟ್ ಅಲ್ಲದ ವೀಸಾದಲ್ಲಿರೋರು ಗನ್ ಇಟ್ಕೊಳ್ಳಂಗಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯ್ತಿ ಇವೆ, ಆದ್ರೆ ಯಾರೋ ಗೆಳೆಯ ಹೇಳ್ದ ಅಂತ ಅದನ್ನ ನಂಬ್ಕೊಂಡು ಹೋಗ್ಬೇಡಿ, ಇಮಿಗ್ರೇಶನ್ ಲಾಯರ್ ಹತ್ರ ಕೂತು ಮಾತಾಡಿ. ಗನ್ ಕೊಳ್ಳುವಾಗ 4473 ಅಂತ ಒಂದು ಫಾರಂ ತುಂಬಬೇಕು, ಅದ್ರಲ್ಲಿ ಸುಳ್ಳು ಬರೆದ್ರೆ ಅದೇ ದೊಡ್ಡ ಅಪರಾಧ, ವೀಸಾ ಕಥೆ ಅಲ್ಲಿಗೆ ಮುಗೀತು. ಗ್ರೀನ್ ಕಾರ್ಡ್ ಇರೋರಿಗೆ ಈ ತೊಂದ್ರೆ ಇಲ್ಲ.

ಭಯ ಸುಳ್ಳು ಅಂತ ನಾನು ಯಾರಿಗೂ ಹೇಳಲ್ಲ. 2021ರಲ್ಲಿ ಶಿಕಾಗೋ ಸಿಟಿ ಒಂದರಲ್ಲೇ ಸುಮಾರು 800 ಕೊಲೆ ಆದ್ವು, ಕಾರ್‌ಜ್ಯಾಕಿಂಗ್ 1,800 ದಾಟಿತ್ತು. ಮರುವರ್ಷ ಜುಲೈ 4ರ ಪರೇಡ್ ದಿನ ಹೈಲ್ಯಾಂಡ್ ಪಾರ್ಕ್‌ನಲ್ಲಿ ಗುಂಡಿಗೆ ಏಳು ಜನ ಸತ್ರು, ಅದೂ ಎಲ್ರೂ ಸೇಫ್ ಅಂತಿದ್ದ ಸಬರ್ಬ್‌ನಲ್ಲಿ. ಈಗ ಕೊಲೆಗಳು ಕಮ್ಮಿ ಆಗಿವೆ, 2024ರಲ್ಲಿ 600ಕ್ಕಿಂತ ಕೆಳಗೆ ಇಳೀತು, ಆದ್ರೂ ರಾತ್ರಿ ಹತ್ತಕ್ಕೆ ಹೆಂಡ್ತಿ ಒಬ್ಳೇ ರೈಲ್ವೆ ಪ್ಲಾಟ್‌ಫಾರಂ ಮೇಲೆ ನಿಂತಿದಾಳೆ ಅಂದ್ರೆ ಈ ಅಂಕಿಅಂಶ ನೋಡ್ಕೊಂಡು ಯಾರಿಗೆ ಸಮಾಧಾನ ಆಗುತ್ತೆ?

ಇನ್‌ಸ್ಟ್ರಕ್ಟರ್ ರಿಟೈರ್ಡ್ ಪೊಲೀಸು. ಮೊದಲ ದಿನ ಗನ್ ಮುಟ್ಟೋಕೆ ಬಿಟ್ಟಿದ್ದು ಬಹಳ ಕಮ್ಮಿ, ಬರೀ ಕಾನೂನು, ಅದರಲ್ಲೂ ಎಲ್ಲೆಲ್ಲಿ ಒಯ್ಯಂಗಿಲ್ಲ ಅನ್ನೋದು. ಶಾಲೆ, ಡೇಕೇರ್, ಆಸ್ಪತ್ರೆ, ಕೋರ್ಟು, ಲೈಬ್ರರಿ, ಪಾರ್ಕು, ಮ್ಯೂಸಿಯಂ, ಸ್ಟೇಡಿಯಂ, ವ್ಯಾಪಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಡದಿಂದ ಬರೋ ಬಾರು, ಇನ್ನೂ ಇದೆ. ಅಂಗಡಿಯೋರು, ದೇವಸ್ಥಾನದೋರು ಬೇಡ ಅಂದ್ರೆ ಬಾಗಿಲಿಗೆ ನಾಲ್ಕು ಇಂಚು ಆರು ಇಂಚಿನ ಒಂದು ಸ್ಟಿಕರ್ ಹಚ್ತಾರೆ, ಪಿಸ್ತೂಲಿನ ಚಿತ್ರದ ಮೇಲೆ ಕೆಂಪು ಗೀಟು, ಅದನ್ನ ನೋಡಿದ್ಮೇಲೆ ಒಳಗೆ ಒಯ್ಯಂಗಿಲ್ಲ. ಎಲ್ಲಕ್ಕಿಂತ ಮುಖ್ಯ ಅಂದ್ರೆ ಸಿಟಿಎ (ಸಿಟಿಯ ಸಾರಿಗೆ ಸಂಸ್ಥೆ) ರೈಲು, ಬಸ್ಸು, ಸಬರ್ಬ್‌ಗಳಿಂದ ಸಿಟಿಗೆ ಹೋಗೋ ಮೆಟ್ರಾ ರೈಲು ಯಾವುದರಲ್ಲೂ ಲೋಡ್ ಮಾಡಿ ಸೊಂಟದಲ್ಲಿ ಇಟ್ಕೊಂಡು ಹತ್ತಂಗಿಲ್ಲ. ಇದನ್ನ ಕೇಳ್ತಿದ್ದಂಗೆ ನನ್ನ ಹೆಂಡ್ತಿ ನನ್ನ ಮುಖ ನೋಡಿದ್ಳು, ಯಾಕಂದ್ರೆ ಅವಳ ಆಫೀಸು ಸಿಟಿ ಮಧ್ಯದ ಲೂಪ್‌ನಲ್ಲಿ, ದಿನಾ ಹೋಗೋದು ಮೆಟ್ರಾದಲ್ಲಿ, ಆಮೇಲೆ ಸಿಟಿಎ. ಅವಳಿಗೆ ಭಯ ಆಗೋದೇ ಆ ರೈಲಲ್ಲಿ. ಲೈಸೆನ್ಸ್ ಬಂದ್ರೂ ಅಲ್ಲಿಗೆ ಅದು ಉಪಯೋಗಕ್ಕಿಲ್ಲ. ಈ ಒಂದು ವಿಷ್ಯ ತಿಳ್ಕೊಳ್ಳೋಕಾದ್ರೂ ಕ್ಲಾಸಿಗೆ ಹೋಗಿದ್ದು ಸಾರ್ಥಕ ಅನ್ಸ್ತು.

ಕಾರಿನಲ್ಲಿ ಇಟ್ಟು ಹೋಗ್ಬಹುದು, ಬೀಗ ಹಾಕಿ, ಯಾರಿಗೂ ಕಾಣದ ಹಾಗೆ. ಆದ್ರೆ ಸ್ಟೇಷನ್ ಪಾರ್ಕಿಂಗ್‌ನಲ್ಲಿ ಇಡೀ ದಿನ ನಿಂತಿರೋ ಕಾರು ಒಡೆದು ಗನ್ ಕದ್ದೋರು ಅದನ್ನ ಒಯ್ಯೋದೆಲ್ಲಿಗೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಕಾರ್‌ಜ್ಯಾಕಿಂಗ್ ಬಗ್ಗೆ ಇನ್‌ಸ್ಟ್ರಕ್ಟರ್ ಹೇಳಿದ್ದು ಒಂದೇ ಮಾತು: ಕೀ ಕೊಟ್ಬಿಡಿ, ಇಳೀರಿ, ದೂರ ಹೋಗಿ, ಕಾರಿಗೆ ಇನ್ಶೂರೆನ್ಸ್ ಇದೆ. ಹಿಂದಿನ ಸೀಟಲ್ಲಿ ಮಗು ಇದ್ರೆ ಏನ್ ಮಾಡೋದು ಅಂತ ಒಬ್ರು ಕೇಳಿದ್ರು, ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಅದು ಬೇರೆ, ಅಲ್ಲಿ ಜೀವ ಇದೆ" ಅಂದ್ರು. ಪ್ರಾಣಕ್ಕೆ ಅಥವಾ ಮೈಗೆ ದೊಡ್ಡ ಅಪಾಯ ಆ ಕ್ಷಣದಲ್ಲೇ ಕಣ್ಮುಂದೆ ಇದ್ದಾಗ ಮಾತ್ರ ಟ್ರಿಗರ್ ಮಾತು, ಆಮೇಲೆ ನಡೆದಿದ್ದಕ್ಕೆಲ್ಲ ನೀವೇ ಉತ್ತರ ಕೊಡ್ಬೇಕು ಅಂತ ಎರಡು ದಿನವೂ ಹೇಳ್ತಾನೇ ಇದ್ರು.

ನನ್ನ ತಲೇಲಿ ಇನ್ನೂ ಕೂತಿರೋದು ಇನ್‌ಸ್ಟ್ರಕ್ಟರ್ ತೋರಿಸಿದ ಡ್ರೈವಾಲ್ ತುಂಡು. ಇಲ್ಲಿ ಮನೆ ಒಳಗಿನ ಗೋಡೆ ಅಂದ್ರೆ ಮರದ ಚೌಕಟ್ಟಿಗೆ ಆಚೆ ಈಚೆ ಅರ್ಧ ಇಂಚಿನ ಜಿಪ್ಸಂ ಹಲಗೆ, ಅಷ್ಟೇ, ನಮ್ಮೂರಿನ ಇಟ್ಟಿಗೆ ಗೋಡೆ ಅಲ್ಲ. ಅವ್ರು ತಂದಿದ್ದ ಹಲಗೆಗಳಲ್ಲಿ 9 ಎಂಎಂ ಗುಂಡು ಹೋದ ತೂತು ಒಂದರ ಹಿಂದೆ ಒಂದು ಹಾಗೇ ಇದ್ವು, ಮುಂದೆ ಸಣ್ಣ ತೂತು, ಹಿಂದೆ ಕಾಗದ ಹರಿದು ಬಿಳಿ ಪುಡಿ. ಕೈಯಿಂದ ಕೈಗೆ ಕೊಟ್ಟು ಎಲ್ರಿಗೂ ಮುಟ್ಟಿ ನೋಡಿ ಅಂದ್ರು. ಆಮೇಲೆ ಒಂದು ಕಾಗದ ಕೊಟ್ಟು ನಿಮ್ಮ ಮನೆ ನಕ್ಷೆ ಬರೀರಿ, ಬೆಡ್‌ರೂಂ ಬಾಗಿಲಲ್ಲಿ ನಿಂತು ಮೆಟ್ಟಿಲ ಕಡೆ ಹೊಡೆದ್ರೆ ಹಿಂದೆ ಯಾರಿರ್ತಾರೆ ಗುರುತು ಹಾಕಿ ಅಂದ್ರು. ನಮ್ಮನೇಲಿ ಆ ಗೆರೆ ಸೀದಾ ಮಗನ ರೂಮಿಗೆ ಹೋಗುತ್ತೆ.

ಎರಡನೇ ದಿನ ರೇಂಜು. ಪರೀಕ್ಷೆ ಕಷ್ಟ ಇಲ್ಲ: 30 ಗುಂಡು, 5 ಗಜ, 7 ಗಜ, 10 ಗಜದಿಂದ ಹತ್ತತ್ತು, ಕಾಗದದ ಮೇಲಿನ ಮನುಷ್ಯಾಕಾರಕ್ಕೆ 70 ಪರ್ಸೆಂಟ್ ಬಿದ್ರೆ ಪಾಸು. ನಾವು ಬಾಡಿಗೆಗೆ ತಗೊಂಡಿದ್ದು ಗ್ಲಾಕ್ 19 ಪಿಸ್ತೂಲು, ಇಬ್ರೂ ಪಾಸಾದ್ವಿ, ಅವಳದ್ದು ನನಗಿಂತ ಒತ್ತೊತ್ತಾಗಿ ಬಿದ್ದಿತ್ತು. ಪರೀಕ್ಷೆಗೆ ಮುಂಚೆ ಅವ್ರು ಮಾಡಿಸಿದ ಒಂದು ಅಭ್ಯಾಸ ಬಹಳ ಇಷ್ಟ ಆಯ್ತು. ಮ್ಯಾಗಜೀನ್‌ನಲ್ಲಿ ನಮಗೆ ಗೊತ್ತಾಗದ ಹಾಗೆ ಒಂದೆರಡು ಡಮ್ಮಿ ಗುಂಡು ಸೇರಿಸಿ ಕೊಡ್ತಾರೆ. ಟ್ರಿಗರ್ ಎಳೆದಾಗ ಅದು ಹಾರಲ್ಲ, ಆದ್ರೆ ಗನ್‌ನ ಮೂತಿ ಮಾತ್ರ ಪಟ್ ಅಂತ ಕೆಳಗೆ ಬಗ್ಗುತ್ತೆ, ಯಾಕಂದ್ರೆ ಒದೆತ ಬರುತ್ತೆ ಅಂತ ಕೈ ಮೊದ್ಲೇ ಹೆದರಿರುತ್ತೆ. ಲೈಟ್ ಚೆನ್ನಾಗಿದ್ದು, ಕಿವಿಗೆ ಮಫ್ ಹಾಕ್ಕೊಂಡು, ಅಲುಗಾಡದ ಕಾಗದದ ಮುಂದೇನೇ ಕೈ ಹಿಂಗಾದ್ರೆ ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಏನಾಗುತ್ತೆ? ಅದಕ್ಕೇ ನನ್ನ ದೊಡ್ಡ ಕಂಪ್ಲೇಂಟ್ ಇರೋದು ಈ 30 ಗುಂಡಿನ ಮೇಲೆ. ಇದು ರೇಂಜ್‌ನೋರ ತಪ್ಪಲ್ಲ, ರಾಜ್ಯದ ನಿಯಮಾನೇ ಅಷ್ಟು, ಆದ್ರೆ 30 ಗುಂಡು ಹಾರಿಸಿದೋರಿಗೆ ಜನರ ಮಧ್ಯೆ ಲೋಡ್ ಮಾಡಿದ ಪಿಸ್ತೂಲು ಇಟ್ಕೊಂಡು ಓಡಾಡೋ ಲೈಸೆನ್ಸ್ ಕೊಡೋದು ಬಹಳ ಕಮ್ಮಿ ಆಯ್ತು.

ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜನ ಮನೇಲಿ ತೋಟಕ್ಕೆ ಅಂತ ಕೋವಿ ಇತ್ತು, ಹಂದಿ, ಮಂಗನ ಕಾಟಕ್ಕೆ, ಎಲೆಕ್ಷನ್ ಬಂತಂದ್ರೆ ಸ್ಟೇಷನ್‌ಗೆ ಒಯ್ದು ಒಪ್ಪಿಸಿ ಬರೋರು. ಕೊಡಗಿನ ಗೆಳೆಯರಂತೂ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ ಬೆಳೆದೋರು. ಹಂಗಂತ ನಮಗೆ ಕೋವಿ ಗೊತ್ತು, ಕ್ಲಾಸ್ ಯಾಕೆ ಅನ್ಬೇಡಿ. ತೋಟದಲ್ಲಿ ಹಂದಿಗೆ ಈಡು ಹೊಡೆಯೋದೇ ಬೇರೆ, ಅಪಾರ್ಟ್‌ಮೆಂಟ್ ಕಾರಿಡಾರ್‌ನಲ್ಲಿ ಮನುಷ್ಯನ ಎದುರು ಪಿಸ್ತೂಲು ತೆಗೆಯೋದೇ ಬೇರೆ.

ಇಷ್ಟ ಆಗದ್ದು ಹೇಳ್ತೀನಿ. ಊಟ ಆದ್ಮೇಲೆ ಹೆಚ್ಚುಕಮ್ಮಿ ಒಂದು ಗಂಟೆ ಒಂದು ಲೀಗಲ್ ಇನ್ಶೂರೆನ್ಸ್ ಮೆಂಬರ್‌ಶಿಪ್ ಮಾರೋಕೆ ಹೋಯ್ತು. ನಾವು ಕ್ಲಾಸಿಗೆ ದುಡ್ಡು ಕೊಟ್ಟಿರೋದು ಜಾಹೀರಾತು ಕೇಳೋಕಲ್ಲ. ಸಂಜೆ ಹೊರಗೆ ಬರೋ ದಾರೀನೇ ಅಂಗಡಿ ಒಳಗಿಂದ, ಕೌಂಟರಿನೋರು "ಇವತ್ತು ಸ್ಟೂಡೆಂಟ್ ಡಿಸ್ಕೌಂಟ್" ಅಂತ ಸಣ್ಣ ಪಿಸ್ತೂಲುಗಳನ್ನ ಮುಂದೆ ಇಡ್ತಾರೆ. ಪುಣ್ಯಕ್ಕೆ ದುಡ್ಡು ಕೊಟ್ರೂ 72 ಗಂಟೆ ಕಾಯ್ದೇ ಕೈಗೆ ಕೊಡಂಗಿಲ್ಲ ಅಂತ ಇಲ್ಲಿ ಕಾನೂನಿದೆ, ಬಹಳ ಒಳ್ಳೇ ಕಾನೂನು.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ, ಇದನ್ನ ಬರೀಲೇಬೇಕು. ಮನೇಲಿ ಗನ್ ಎಲ್ಲಿಡ್ಬೇಕು ಅನ್ನೋದನ್ನ ಚೆನ್ನಾಗಿ ಹೇಳ್ಕೊಟ್ರು, ಬೆರಳೊತ್ತಿದ್ರೆ ತೆಗೆಯೋ ಸೇಫು, ಕೇಬಲ್ ಲಾಕು, ಗುಂಡು ಬೇರೆ ಕಡೆ ಎಲ್ಲ. ಆದ್ರೆ ಆತ್ಮಹತ್ಯೆ ಬಗ್ಗೆ ಬಂದಿದ್ದು ಒಂದೇ ಸ್ಲೈಡ್. 2021ರಲ್ಲಿ ಅಮೆರಿಕಾದಲ್ಲಿ ಗುಂಡಿನಿಂದ ಸತ್ತೋರು 48,830, ಅದರಲ್ಲಿ 26,328 ಜನ ತಮ್ಮ ಜೀವ ತಾವೇ ತಗೊಂಡೋರು. 2020ರಲ್ಲಿ ಸ್ಟ್ಯಾನ್‌ಫರ್ಡ್‌ನೋರು ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗಿಂತ ಹೆಚ್ಚು ಜನರ ದಾಖಲೆ ಇಟ್ಕೊಂಡು ಮಾಡಿದ ಅಧ್ಯಯನದಲ್ಲಿ, ಪಿಸ್ತೂಲು ಇರೋ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡ್ಕೊಳ್ಳೋದು ಇಲ್ಲದೋರಿಗಿಂತ ಸುಮಾರು ಎಂಟು ಪಟ್ಟು, ಹೆಂಗಸರಲ್ಲಿ 35 ಪಟ್ಟು ಅಂತ ಬಂತು. ನಮ್ಮ ಜನ ಮನಸ್ಸಿನ ಕಷ್ಟ ಹೇಳ್ಕೊಳ್ಳೋದೇ ಕಮ್ಮಿ. ಓದಿನ ಒತ್ತಡದಲ್ಲಿರೋ ಹೈಸ್ಕೂಲ್ ಮಕ್ಕಳು, ಲೇಆಫ್ ಆಗಿ ಮನೇಲಿ ಸುಮ್ನೆ ಕೂತಿರೋ ಗಂಡಸರು, ಯಾರ ಮನೇಲಿಲ್ಲ ಹೇಳಿ. ಕಳ್ಳನಿಗೆ ಅಂತ ತಂದಿದ್ದು ಮನೆಯೋರ ಕೈಗೆ ಸಿಗೋ ಸಾಧ್ಯತೆನ ಒಂದು ಸ್ಲೈಡಲ್ಲಿ ಮುಗಿಸ್ಬಾರ್ದಿತ್ತು, ಫೀಡ್‌ಬ್ಯಾಕ್ ಫಾರಂನಲ್ಲೂ ಇದನ್ನೇ ಬರೆದು ಬಂದೆ.

ಬ್ಯಾಚಲ್ಲಿ ವೆಸ್ಟ್ ಸೈಡ್‌ನಿಂದ ಬಂದಿದ್ದ ಒಬ್ರು ನರ್ಸ್ ಇದ್ರು, ನೈಟ್ ಶಿಫ್ಟು, ರಸ್ತೇಲಿ ಒಂದು ಸಲ ದರೋಡೆ ಆಗಿತ್ತಂತೆ, ಒಬ್ರೇ ಇರೋದು. ಇನ್ನೊಬ್ರು ಗ್ಯಾಸ್ ಸ್ಟೇಷನ್ ನಡೆಸೋ ಗುಜರಾತಿ. ಅವ್ರಿಗೆ ಬೇಡ ಅನ್ನೋ ಧೈರ್ಯ ನನಗಿಲ್ಲ, ಅವ್ರ ಲೆಕ್ಕ ಬೇರೆ. ನಾವಿಬ್ರೂ ಮಾತಾಡಿ ಈಗ ತಗೊಳ್ಳೋದು ಬೇಡ ಅಂತ ತೀರ್ಮಾನ ಮಾಡಿದೀವಿ, ಮಗನಿಗೆ ಹದಿನೈದು ವರ್ಷ, ಅವನು ಮನೇಲಿರೋವರೆಗೂ ಬೇಡ. ಆ ದುಡ್ಡಲ್ಲಿ ಹಿತ್ತಲ ಬಾಗಿಲಿಗೆ ಗಟ್ಟಿ ಚಿಲಕ, ಸುತ್ತ ಮೋಷನ್ ಲೈಟು ಹಾಕ್ಸಿದ್ವಿ, ರಾತ್ರಿ ತಡ ಆದ್ರೆ ನಾನೇ ಕಾರಲ್ಲಿ ಹೋಗಿ ಕರ್ಕೊಂಡ್ ಬರ್ತೀನಿ.

ಹೋಗೋರಿಗೆ: ಕ್ಲಾಸ್ ಫೀಸ್ ಬಿಟ್ಟು ಗನ್ ಬಾಡಿಗೆ, ಗುಂಡು, ಲೇನ್ ಎಲ್ಲಾ ಬೇರೆ, ಬುಕ್ ಮಾಡುವಾಗಲೇ ಕೇಳ್ಕೊಳ್ಳಿ. ಲೈಸೆನ್ಸ್ ಫೀಸ್ 150 ಡಾಲರ್, ಐದು ವರ್ಷಕ್ಕೆ. ಬೆರಳಚ್ಚು ಕೊಟ್ರೆ 90 ದಿನದೊಳಗೆ, ಕೊಡದಿದ್ರೆ 120 ದಿನದೊಳಗೆ ತೀರ್ಮಾನ ಆಗುತ್ತೆ. ಹತ್ರ ವೆಜ್ ಊಟ ಏನೂ ಸಿಗಲ್ಲ, ಚಿತ್ರಾನ್ನನೋ ಚಪಾತಿನೋ ಕಟ್ಕೊಂಡ್ ಹೋಗಿ. ಕುತ್ತಿಗೆ ಮುಚ್ಚೋ ಟೀಶರ್ಟ್ ಹಾಕ್ಕೊಳ್ಳಿ, ಪಕ್ಕದ ಲೇನಿಂದ ಗುಂಡಿನ ಬಿಸಿ ಖಾಲಿ ಹಿತ್ತಾಳೆ ಕೋಶ ಹಾರಿ ಬಂದು ಕಾಲರ್ ಒಳಗೆ ಬೀಳುತ್ತೆ. ರೇಂಜಿಂದ ಹೊರಗೆ ಬಂದ್ಮೇಲೆ ಏನಾದ್ರೂ ತಿನ್ನೋಕೆ ಮೊದ್ಲು ತಣ್ಣೀರಲ್ಲಿ ಸೋಪ್ ಹಾಕಿ ಕೈ, ಮುಖ ತೊಳೀರಿ, ಸೀಸದ ಪುಡಿ ಕೂತಿರುತ್ತೆ, ಚಿಕ್ಕ ಮಕ್ಕಳಿರೋ ಮನೆಯಾದ್ರೆ ಆ ಬಟ್ಟೆನೂ ಬೇರೆಯಾಗಿ ಒಗೀರಿ.